ಎಣಿಸದ ಕುರಿಗಳು

ಮೊನ್ನೆ ರಾಯಚೂರಿನ ಮನೆಯಲ್ಲಿ ಮೊಮ್ಮಗಳು ಮಳೆಯಲ್ಲಿ ನೆನೆದ ಸ್ವೆಟರನ್ನು ಕುರ್ಚಿಯ ಮೇಲೆ ಹರವಿದಳು. ಒದ್ದೆ ಉಣ್ಣೆಯ ವಾಸನೆಗೆ ಅವಳು ಮೂಗು ಮುಚ್ಚಿಕೊಂಡಳು. ನಾನು ಮಾತ್ರ ಎಂಟು ವರ್ಷದವಳಾಗಿ ಪೋತ್ನಾಳದ ಹತ್ತಿರದ ನಮ್ಮ ಕುರಿಹಟ್ಟಿಯಲ್ಲಿ ನಿಂತಿದ್ದೆ. ಹಿಕ್ಕೆ, ಹಾಲು, ಕಂಬಳಿ ಎಲ್ಲ ಬೆರೆತ ನಾತ ಅದು. ಸುವಾಸನೆ ಅಂತ ಸುಳ್ಳು ಹೇಳಲಾರೆ. ಆದರೆ ಅದರಲ್ಲೇ ಉಂಡೆವು, ಅದರಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ನಮ್ಮಲ್ಲಿ ಕುರಿ ಎಣಿಸುವ ಹಾಗಿರಲಿಲ್ಲ. ಸಂಜೆ ಮುತ್ಯಾ, ಅಂದರೆ ನಮ್ಮಪ್ಪನ ಅಪ್ಪ, ಹಟ್ಟಿಯ ಬಾಯಲ್ಲಿ ನಿಂತು ಒಂದೊಂದರ ಮುಖ ನೋಡಿ ಒಳಗೆ ಬಿಡುತ್ತಿದ್ದ. ಬಿಳಿಗಿವಿ ಬಂತು, ಕುಂಟಿ ಬಂತು, ಅಳುಬುರುಕಿ ಬಂತು. ಒಂದು ತಪ್ಪಿದರೂ ಅವನಿಗೆ ತಿಳಿಯುತ್ತಿತ್ತು. ಎಣಿಸಿದರೆ ದೃಷ್ಟಿ ತಾಗುತ್ತದೆ ಅನ್ನುವುದು ನೆಪ. ನಿಜವಾದ ಭಯ ಬೇರೆ. ಎಣಿಸಲು ಬರುತ್ತಿದ್ದವನು ಮೇವಿನ ಕರದ ಜವಾನ. ಹೋಗುವಾಗ ಒಂದು ಮರಿಯನ್ನೂ ಹೊಡೆದುಕೊಂಡು ಹೋಗುತ್ತಿದ್ದ. ಹಾಗಾಗಿ ಮುತ್ಯಾನ ಪಾಲಿಗೆ ಒಳ್ಳೆಯ ಬಾಳು ಅಂದರೆ ಹೊಟ್ಟೆ ತುಂಬ ಜೋಳದ ರೊಟ್ಟಿ, ಸ್ವರಾಜ್ಯ ಅಂದರೆ ಎಣಿಸುವವರು ಬಾರದ ರಾಜ್ಯ.

ನಿಜಾಮರ ಆಳ್ವಿಕೆ ಹೋದ ಮರುವರ್ಷ ಊರಿಗೆ ಕನ್ನಡ ಸಾಲಿ ಬಂತು. ಹೊಸ ದೇಶದಲ್ಲಿ ಹುಡುಗಿಯರೂ ಕಲಿಯಬೇಕು ಅಂತ ಮಾಸ್ತರರು ಮನೆಗೇ ಬಂದು ಹೇಳಿದರು. ಮುತ್ಯಾ ಖುಷಿಯಿಂದಲೇ ಕಳಿಸಿದ. ಹದಿನೈದು ದಿನಕ್ಕೆ ಐವತ್ತರವರೆಗೆ ಕಲಿತೆ. ಕಲಿತ ಮೇಲೆ ಸುಮ್ಮನಿರಲು ಆಗುತ್ತದೆಯೇ? ಅವತ್ತು ಸಂಜೆ ಹಟ್ಟಿಯ ಬಾಯಲ್ಲೇ ನಿಂತು ಒಂದು, ಎರಡು, ಮೂರು ಅಂತ ಗಟ್ಟಿಯಾಗಿ ಶುರುಮಾಡಿದೆ. ಹನ್ನೊಂದಕ್ಕೆ ಮುತ್ಯಾನ ಅಂಗೈ ನನ್ನ ಬಾಯಿ ಮುಚ್ಚಿತು.

"ಸಾಲಿ ಬಂದ್! ನನ್ನ ಮನ್ಯಾಗ ಎಣಸೋರ್ನ ತಯಾರ್ ಮಾಡಾಕತ್ತ್ಯಾರ, ಇದ್ಯಾವ ಸ್ವರಾಜ್ಯಲೇ?"

ನಾನು ಬಿಕ್ಕಿ ಬಿಕ್ಕಿ ಅತ್ತೆ. ಸಾಲಿ ನನಗೆ ಅಷ್ಟು ಹಿಡಿಸಿತ್ತು. ರೊಟ್ಟಿ ಬಡಿಯುತ್ತಿದ್ದ ಆಯಿ, ಮುತ್ಯಾನ ಹೆಂಡತಿ, ಕೈ ನಿಲ್ಲಿಸದೆ ಕೇಳಿದಳು: "ಆ ಜವಾನ ಇದ್ದದ್ದಕ್ಕಿಂತ ಹೆಚ್ಚು ಕುರಿ ಬರಕೊಂಡಾಗ ಬಾಯಿ ತಗದಿಯೇನು ನೀ?"

"ಸುಮ್ನಿರಬೇ."

"ಸುಮ್ನ ಇದ್ದಿದ್ದಕ್ಕ ಮರಿ ಹೋದ್ವು. ಇನ್ನರ ಮನ್ಯಾಗ ತಿಳಿಯಾಕಿ ಒಬ್ಬಾಕಿ ಇರ್ಲಿ."

ಮುತ್ಯಾ ಸಿಟ್ಟು ಬಂದಾಗ ತಿನ್ನುವಂತೆ ಎರಡು ರೊಟ್ಟಿ ಹೆಚ್ಚಿಗೆ ತಿಂದ.

ಮರುದಿನ ಬೆಳಿಗ್ಗೆ ನನ್ನ ಮುಂದೆ ತಾನೇ ಸಾಲಿಗೆ ನಡೆದ. ಒಳಗೆ ಬರದೆ ಬಾಗಿಲಿಂದಲೇ ಕೂಗಿದ: "ಮಾಸ್ತರ್ರೀ, ಈಕಿಗೆ ನೂರರ ಮಟ ಕಲಸ್ರಿ. ಆದ್ರ ನಮ್ಮ ಕುರಿ ಬ್ಯಾಡ್ರಿ, ಮಂದೀವು ಎಣಸ್ಲಿ!" ಇಡೀ ಸಾಲಿ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನೇ.

ಎರಡು ವರ್ಷ ಕಲಿತೆ. ಆಮೇಲೆ ದೇವದುರ್ಗಕ್ಕೆ ಮದುವೆ ಮಾಡಿ ಕೊಟ್ಟರು. ಈಗಿನವರ ಒಳ್ಳೆಯ ಬಾಳೆಲ್ಲ ಎಣಿಕೆಯದು: ಎಷ್ಟು ಅಂಕ, ಎಷ್ಟು ಕೋಣೆ. ತಪ್ಪು ಅನ್ನುವುದಿಲ್ಲ, ಮೊಮ್ಮಗಳು ಹೊಟ್ಟೆ ತುಂಬ ಉಣ್ಣುತ್ತಾಳೆ. ಹಟ್ಟಿ ಇದ್ದ ಜಾಗದಲ್ಲಿ ಈಗ ಭತ್ತದ ಗದ್ದೆ. ಮುತ್ಯಾ ಹೋಗಿ ಎಷ್ಟೋ ಕಾಲವಾಯಿತು.

"ಎಷ್ಟು ಕುರಿ ಇದ್ವು ಆಯಿ?" ಅಂತ ಮೊಮ್ಮಗಳು ನನ್ನನ್ನು ಕೇಳಿದಳು.

ಗೊತ್ತಿಲ್ಲ ಅಂದೆ. ಒಂದೊಂದರ ಮುಖ ಮಾತ್ರ ಗೊತ್ತು.