ಸದ್ದಿನ ಮಾವ

ನಾನು ಎಡಿಟಿಂಗ್ ಮಾಡುವ ಸ್ಟುಡಿಯೋದಲ್ಲಿ ದೆವ್ವದ ಸಿನಿಮಾಗಳಿಗೆ ಸದ್ದು ಹುಟ್ಟಿಸುವ ಹಿರಿಯರೊಬ್ಬರಿದ್ದಾರೆ; ಅವರನ್ನು ನಾವೆಲ್ಲರೂ ಸದ್ದಿನ ಮಾವ ಎಂದೇ ಕರೆಯುತ್ತೇವೆ. ಪರದೆಯ ಮೇಲೆ ಯಾರದೋ ಕತ್ತು ಮುರಿಯಬೇಕಾದರೆ ಮಾವ ಮೈಕಿನ ಮುಂದೆ ಮೂಲಂಗಿ ಮುರಿಯುತ್ತಾರೆ. ಆಮೇಲೆ ಅದನ್ನೇ ಉಪ್ಪು ಹಚ್ಚಿ ತಿಂದೂಬಿಡುತ್ತಾರೆ. ಯಾರ ಮನೆಗೆ ಹೋದರೂ ಬಾಗಿಲು ಕಿರ್ರೆಂದರೆ ಸಾಕು, "ದಯವಿಟ್ಟು ಎಣ್ಣೆ ಬಿಡಬೇಡಿ, ಒಳ್ಳೇ ಕಂಠ" ಎಂದು ಕೈಮುಗಿಯುತ್ತಾರೆ. ಮನುಷ್ಯರೊಡನೆ ಮಾತ್ರ ಅವರದು ಮೂರೇ ಮಾತು: "ಹೂಂ", "ಸರಿ", "ಇನ್ನೊಂದ್ಸಲ". ಅಂಥವರು, ನನ್ನ ಗಂಡನಿಗೆ ಹೃದಯದ ಆಪರೇಷನ್ ನಡೆದ ದಿನ ಆಸ್ಪತ್ರೆಗೆ ಬಂದು ನನ್ನ ಪಕ್ಕ ಕುಳಿತು, ತೆರೆದ ಬಾಯಿಯನ್ನು ನಾಲ್ಕು ಗಂಟೆ ಮುಚ್ಚಲೇ ಇಲ್ಲ. ಹೆಂಡತಿಯ ಗೊರಕೆ, ಮದುವೆಯ ದಿನ ಕಳೆದುಹೋದ ಚಪ್ಪಲಿ, ಎದುರುಮನೆ ಬೆಕ್ಕಿನ ಸೊಕ್ಕು, ಒಂದನ್ನೂ ಬಿಡಲಿಲ್ಲ. ತಡೆಯಲಾರದೆ, "ಮಾವ, ಸ್ವಲ್ಪ ಸುಮ್ನಿರ್ತೀರಾ?" ಎಂದೆ. "ಇಲ್ಲ ಮಗಳೇ," ಎಂದರು. "ಜನ ಸದ್ದಿಗೆ ಹೆದರಲ್ಲ, ಅದಕ್ಕೆ ಮುಂಚೆ ಬರೋ ಮೌನಕ್ಕೆ ಹೆದರ್ತಾರೆ. ಅದನ್ನ ಇವತ್ತು ನಿನ್ನ ಹತ್ರ ಸುಳಿಯೋಕೆ ಬಿಡಲ್ಲ." ಹೇಳಿದವರೇ ಮತ್ತೆ ಬೆಕ್ಕಿನ ಕಥೆ ಹಿಡಿದರು. ಸಂಜೆ ಡಾಕ್ಟರು ಹೊರಬಂದು, "ಎಲ್ಲಾ ಚೆನ್ನಾಗಾಯ್ತು, ಗಾಬರಿ ಬೇಡ" ಎಂದಾಗ ಮಾವ ಏನೋ ಹೇಳಲು ಹೊರಟರು. ಅಷ್ಟು ಹೊತ್ತು ಮಾತಾಡಿ ಗಂಟಲು ಒಣಗಿ ಸ್ವರವೇ ಏಳಲಿಲ್ಲ. ನನ್ನ ನೀರಿನ ಬಾಟಲಿಯನ್ನು ಅವರ ಕೈಗಿಟ್ಟೆ.