ಸಾಹೇಬರ ಕಾರಿಗೆ ನಾನು ಹಾಕಿದ ಕ್ಯಾಮ್

ಸಾಹೇಬರೇ, ನಿಮ್ಮ ಕಾಲಿಗೆ ಏನೂ ಆಗಿರಲಿಲ್ಲ. ಅಂದು ಕಡಲ ದಂಡೆಯ ಕಾರ್ನಿಶ್ ರಸ್ತೆಯಲ್ಲಿ ಬ್ರೇಕು ಹಿಡಿಯದೆ ಹೋದದ್ದು ನಾನು ನಿಮ್ಮ ಎಂಜಿನ್ನಿಗೆ ಹಾಕಿದ ಕ್ಯಾಮ್‌ನಿಂದ. ಅದು ನೀವು ಆರಿಸಿದ ಕ್ಯಾಮ್ ಅಲ್ಲ. ನಾನು ಆರಿಸಿದ್ದು, ನಿಮಗೆ ಹೇಳದೆ ಆರಿಸಿದ್ದು. ನೀವು ಬಂದು ಕೇಳಿದಾಗ ತಪ್ಪನ್ನು ನಿಮ್ಮ ಪ್ರಾಯದ ಮೇಲೆ ಹೊರಿಸಿ ಕೈತೊಳೆದುಕೊಂಡೆ.

ಇದನ್ನು ನೇರವಾಗಿಯೇ ಬರೆಯುತ್ತಿದ್ದೇನೆ. ನನ್ನ ಸ್ವಭಾವ ನಿಮಗೆ ಗೊತ್ತೇ ಇದೆ. ಸುಳ್ಳನ್ನೂ ನಾನು ಎದೆ ಸೆಟೆಸಿಯೇ ಹೇಳಿದ್ದೆ. ಈಗ ನಿಜ ಹೇಳುವಾಗ ತಲೆ ತಗ್ಗಿಸಿ ಗೊಣಗಿದರೆ ಅದು ಇನ್ನೊಂದು ಮೋಸವಾಗುತ್ತದೆ.

ಭಟ್ಕಳದಿಂದ ಈ ಗಲ್ಫಿಗೆ ಬಂದು, ಬನಿಯಾಸಿನಲ್ಲಿ ಬಟ್ಟೆ ಅಂಗಡಿ ಇಟ್ಟು, ಮಕ್ಕಳನ್ನೆಲ್ಲ ದಡ ಮುಟ್ಟಿಸಿದ ಮೇಲೆ ನೀವು ನಿಮಗೋಸ್ಕರ ಕೊಂಡ ಒಂದೇ ಒಂದು ವಸ್ತು ಆ ಕಾರು. ಹಳೆಯ ಅಮೆರಿಕನ್ ಮಸಲ್ ಕಾರು — ಉದ್ದ ಮೂತಿ, ಎಂಟು ಸಿಲಿಂಡರು, ಮೈಯೆಲ್ಲ ಕಡುನೀಲಿ. ಎಂಜಿನ್ನು ಮಾತ್ರ ಸತ್ತಿತ್ತು. ಮುಸಫ್ಫಾದ ನನ್ನ ಗ್ಯಾರೇಜಿಗೆ ಅದನ್ನು ಎಳೆದು ತರಿಸಿದ ದಿನ ನೀವು ಮದುವೆ ಮನೆಯ ಯಜಮಾನರ ಹಾಗೆ ಓಡಾಡುತ್ತಿದ್ದಿರಿ. ನಾನೂ ಕಡಿಮೆಯೇನಿರಲಿಲ್ಲ. ವರ್ಷಗಟ್ಟಲೆ ಪಿಕಪ್ಪು, ಟ್ಯಾಕ್ಸಿಗಳ ಹೊಟ್ಟೆ ಬಗೆದು ಬೇಸತ್ತವನಿಗೆ ಅಂಥ ಎಂಜಿನ್ನು ಸಿಕ್ಕಿದ್ದು ಅದೇ ಮೊದಲು.

ಕ್ಯಾಮ್ ಎಂದರೇನೆಂದು ನಾನೇ ನಿಮಗೆ ಹಳೆಯದನ್ನು ಕೈಯಲ್ಲಿ ಹಿಡಿದು ತೋರಿಸಿದ್ದೆ. ಉದ್ದಕ್ಕೂ ಉಬ್ಬುಗಳಿರುವ ಒಂದು ದಂಡ. ಅದು ತಿರುಗಿದಂತೆ ವಾಲ್ವುಗಳು ತೆರೆದು ಮುಚ್ಚುತ್ತವೆ. ಎಂಜಿನ್ನು ಎಷ್ಟು ಉಸಿರೆಳೆಯಬೇಕು ಎಂಬುದು ಆ ಉಬ್ಬುಗಳ ಮೇಲೆ ನಿಂತಿದೆ. ಉಬ್ಬು ಸಣ್ಣದಾದರೆ ಗಾಡಿ ಸಾಧುವಾಗಿರುತ್ತದೆ. ದೊಡ್ಡದಾದರೆ ಹೈವೇಯಲ್ಲಿ ಹಾರುತ್ತದೆ, ಸಿಗ್ನಲಿನಲ್ಲಿ ನಿಂತಾಗ ತಡೆತಡೆದು ಗುಡುಗುತ್ತದೆ. ಯಾವುದು ಬೇಕು ಎಂದು ಕೇಳಿದೆ. ನೀವು ಯೋಚಿಸಲೇ ಇಲ್ಲ.

"ದಯಾ, ನಂಗೆ ರೇಸ್ ಎಲ್ಲ ಬ್ಯಾಡ ಮಾರಾಯ. ಎಸಿ ಓಡ್ಬೇಕು, ಬ್ರೇಕ್ ಮೆತ್ತಗಿರ್ಬೇಕು. ಬೀವಿ ಬಗಲಲ್ಲಿ ಕೂತು ಮಾತಾಡಿದ್ರೆ ಕೇಳ್ಬೇಕು. ಸಣ್ಣದೇ ಹಾಕು."

"ಆಯ್ತು ಸಾಹೇಬ್ರೆ" ಎಂದೆ. ಮನಸ್ಸಿನಲ್ಲಿ ಮಾತ್ರ — ಇಂಥ ಕುದುರೆಯನ್ನು ತಂದು ಕತ್ತೆ ಮಾಡಲು ಹೊರಟಿದ್ದಾರಲ್ಲ, ಎಂದುಕೊಂಡೆ.

ದುಬೈಯ ಅಲ್ ಕೂಝ್‌ನಲ್ಲಿ ಬಿಡಿಭಾಗದ ಅಂಗಡಿಯವನು ಎರಡನ್ನೂ ಮೇಜಿನ ಮೇಲಿಟ್ಟ. ಬೆಲೆಯಲ್ಲಿ ವ್ಯತ್ಯಾಸವಿರಲಿಲ್ಲ, ಹಾಗಾಗಿ ದುಡ್ಡಿನಾಸೆಗೆ ಮಾಡಿದೆ ಎಂದು ಹೇಳಿಕೊಳ್ಳಲೂ ಬರುವುದಿಲ್ಲ. ಆ ಗುಡುಗನ್ನು ನನ್ನ ಗ್ಯಾರೇಜಿನಲ್ಲಿ ಕೇಳಬೇಕು, ಅಕ್ಕಪಕ್ಕದ ಶೆಡ್ಡಿನವರೆಲ್ಲ ಓಡಿ ಬರಬೇಕು, ದಯಾನಂದ ಕಟ್ಟಿದ ಎಂಜಿನ್ನು ಅನ್ನಬೇಕು — ಅಷ್ಟೇ. ದೊಡ್ಡದನ್ನು ತೋರಿಸಿದೆ. ಅವನು ಕಟ್ಟಿಕೊಟ್ಟ.

ಅದನ್ನು ಕೂರಿಸಿ ಎಂಜಿನ್ನು ಹಚ್ಚಿದ ದಿನ, ಅಂದುಕೊಂಡಂತೆ ಎಲ್ಲರೂ ಓಡಿ ಬಂದರು. ಮೊಬೈಲುಗಳು ಮೇಲೆದ್ದವು. ನಾನು ಫ್ಯಾನ್ ಬೆಲ್ಟಿನ ಪಕ್ಕ ನಿಂತು ಮದುಮಗನ ಹಾಗೆ ಬೀಗಿದೆ. ನೀವು ಸ್ವಲ್ಪ ಗಲಿಬಿಲಿಗೊಂಡು, "ಸಣ್ಣದಕ್ಕೆ ಇಷ್ಟು ಸೌಂಡಾ?" ಎಂದು ಕೇಳಿದಿರಿ. "ಹಳೇ ಎಂಜಿನ್ ಅಲ್ವಾ, ಅದ್ರ ಸ್ವರವೇ ಹಾಗೆ" ಎಂದೆ. ನೀವು ನಂಬಿದಿರಿ. ಮೆಕ್ಯಾನಿಕ್ಕನ್ನೂ ಡಾಕ್ಟರನ್ನೂ ನಂಬಬೇಕು ಎಂಬ ಜಾತಿಯವರು ನೀವು.

ಆ ಸಂಜೆ ಒಬ್ಬನೇ ಇದ್ದಾಗ ಎಂಜಿನ್ನಿನ ಎಳೆತವನ್ನು ಅಳೆದು ನೋಡಿದೆ. ಎಂಜಿನ್ನು ಒಳಗೆ ಗಾಳಿ ಎಳೆದುಕೊಳ್ಳುವ ಆ ಬಲವೇ ಬ್ರೇಕಿಗೂ ನೆರವಾಗುತ್ತದೆ. ಅದಿದ್ದರೆ ಪೆಡಲು ಬೆಣ್ಣೆ, ಇಲ್ಲದಿದ್ದರೆ ಕಲ್ಲು. ದೊಡ್ಡ ಕ್ಯಾಮ್ ಹಾಕಿದರೆ ನಿಧಾನ ಓಟದಲ್ಲಿ ಅದು ಕುಸಿಯುತ್ತದೆ. ಮೀಟರಿನ ಮುಳ್ಳು ಕೆಳಗಿತ್ತು, ಅಲ್ಲಾಡುತ್ತಿತ್ತು. ನನಗೆ ಗೊತ್ತಾಯಿತು — ಗೊತ್ತಾಗಲಿಲ್ಲ ಎಂದು ಯಾವ ದೇವರ ಮುಂದೆಯೂ ಹೇಳಲಾರೆ. ಮುಳ್ಳನ್ನು ನೋಡಿದೆ, ಬಾನೆಟ್ ಮುಚ್ಚಿದೆ.

ಕೆಲವು ವಾರಗಳ ನಂತರ ನೀವು ಬಂದಿರಿ. ಕಾರಿನಿಂದ ಇಳಿದವರು ಬಾಗಿಲು ಹಿಡಿದುಕೊಂಡೇ ನಿಂತಿರಿ. ಕಾರ್ನಿಶ್‌ನ ವಾಹನಸಂದಣಿಯಲ್ಲಿ ಮತ್ತೆ ಮತ್ತೆ ಬ್ರೇಕು ಒತ್ತುತ್ತ ಹೋದಾಗ ಒಮ್ಮೆ ಪೆಡಲು ಇಳಿಯಲೇ ಇಲ್ಲವಂತೆ. ಎರಡೂ ಕಾಲು ಕೊಟ್ಟು ಒತ್ತಿದರೂ ಕಾರು ಜಾರುತ್ತಲೇ ಹೋಗಿ ಮುಂದಿನ ಗಾಡಿಗೆ ತಾಗುವಷ್ಟರಲ್ಲಿ ನಿಂತಿತಂತೆ. ಆ ಗಾಡಿಯ ಹಿಂದಿನ ಸೀಟಿನಲ್ಲಿ ಮಕ್ಕಳಿದ್ದವು ಎಂದಿರಿ. ಪಕ್ಕದಲ್ಲಿದ್ದ ನಿಮ್ಮ ಮನೆಯವರು ಆಮೇಲೆ ಮನೆ ಮುಟ್ಟುವವರೆಗೂ ಬಾಗಿಲಿನ ಹಿಡಿ ಬಿಡಲಿಲ್ಲವಂತೆ.

"ಕಾರಲ್ಲಿ ಎಂತಾದ್ರೂ ಇದ್ಯಾ ದಯಾ? ಇಲ್ಲ ನನ್ ಕಾಲೇ ಹೋಯ್ತಾ? ನಿಜ ಹೇಳು."

ನಿಜ ಹೇಳು ಎಂದೇ ಕೇಳಿದಿರಿ. ನಾನು ಸೀಟಿನಲ್ಲಿ ಕುಳಿತು, ಎಂಜಿನ್ನು ಹಚ್ಚಿ, ಪೆಡಲನ್ನು ಮತ್ತೆ ಮತ್ತೆ ಒತ್ತಿದೆ. ಕಲ್ಲು. ನನ್ನ ಬಲಿಷ್ಠ ಕಾಲಿಗೂ ಕಲ್ಲು. ನಗುತ್ತಾ ಇಳಿದೆ.

"ಕಾರಲ್ಲಿ ಎಂತದೂ ಇಲ್ಲ ಸಾಹೇಬ್ರೆ. ಪ್ರಾಯ ಆಯ್ತಲ್ಲ, ಕಾಲಿಗೆ ಬಲ ಸಾಕಾಗುದಿಲ್ಲ. ಇನ್ನು ಮಗ ಗಾಡಿ ಬಿಡ್ಲಿ."

ನೀವು ನಿಮ್ಮ ತೊಡೆಯನ್ನು ಒಮ್ಮೆ ಮುಟ್ಟಿ ನೋಡಿಕೊಂಡಿರಿ. ಆಮೇಲೆ, "ಖಲಾಸ್ ಹಾಗಾದ್ರೆ" ಎಂದು ಕೀಲಿಕೈಯನ್ನು ನನ್ನ ಕೈಗಿಟ್ಟು, ಯಾರಿಗಾದರೂ ಮಾರಿಬಿಡು ಎಂದಿರಿ. ಮಾರಿಸಿಕೊಟ್ಟೆ. ಆದರೆ ನೀವು ಬಿಟ್ಟದ್ದು ಆ ಕಾರೊಂದನ್ನೇ ಅಲ್ಲ. ಖಾಲಿದಿಯಾದ ಮನೆಯಿಂದ ಬನಿಯಾಸಿನ ಅಂಗಡಿಗೆ ದಿನಾ ನೀವೇ ಓಡಿಸುತ್ತಿದ್ದ ಗಾಡಿಯನ್ನೂ ಮುಟ್ಟಲಿಲ್ಲ. ಮಗನಿಗೆ ಪುರುಸೊತ್ತಾದ ದಿನ ಅಂಗಡಿ, ಇಲ್ಲದ ದಿನ ಮನೆ. ನಿಮ್ಮ ದುಡಿಮೆಯ ಅಂಗಡಿಗೆ ನೀವೇ ಅತಿಥಿಯಾದಿರಿ.

ಅದನ್ನೂ ನಾನು ನುಂಗಿಕೊಂಡಿದ್ದೆ, ಸಾಹೇಬರೇ. ನುಂಗಲಾಗದ್ದು ದುಬೈಯ ಊದ್ ಮೇಥಾದಲ್ಲಿ ನಮ್ಮ ಕಡೆಯವರ ಕೂಟದಲ್ಲಿ ನಡೆದದ್ದು. ನೀವು ನನ್ನ ಹೆಗಲ ಮೇಲೆ ಕೈಯಿಟ್ಟು, ಸುತ್ತ ಇದ್ದವರಿಗೆಲ್ಲ ಹೇಳಿದಿರಿ: "ಇವ ನೋಡಿ ಮುಖಕ್ಕೆ ಹೊಡ್ದ ಹಾಂಗೆ ನಿಜ ಹೇಳ್ದ. ಇಲ್ದಿದ್ರೆ ನಾನು ಯಾರ್ದಾದ್ರೂ ಮಕ್ಳನ್ನ ಕೊಂದು ಹಾಕ್ತಿದ್ದೆ." ಎಲ್ಲರೂ ನನ್ನನ್ನು ಮೆಚ್ಚಿ ನೋಡಿದರು. ನಾನು ನಕ್ಕೆ. ಆ ನಗುವನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ. ಪ್ರತಿ ಈದಿಗೆ ನಿಮ್ಮ ಮನೆಯಿಂದ ಬಿರಿಯಾನಿ ಬರುತ್ತದೆ — ನಾನು ಅದನ್ನು ತಿನ್ನುತ್ತೇನೆ ಕೂಡ.

ಕಳೆದ ತಿಂಗಳು ಆ ಕಾರು ಮತ್ತೆ ಬಂತು. ಈಗಿನ ಮಾಲೀಕ ಒಬ್ಬ ಅರಬ್ ತರುಣ. ಬ್ರೇಕು ಗಟ್ಟಿ ಎಂದು ದೂರು. ಅವನ ಮಾತು ಮುಗಿಯುವ ಮೊದಲೇ ನನ್ನ ಬಾಯಿಂದ ಬಂತು — ಕ್ಯಾಮ್ ದೊಡ್ಡದು, ಎಳೆತ ಸಾಲದು, ಅದಕ್ಕೇ. ಎಷ್ಟು ಸಲೀಸಾಗಿ ಬಂತು! ಗುರುತು ಪರಿಚಯವಿಲ್ಲದವನಿಗೆ ಒಂದೇ ಉಸಿರಿಗೆ ಹೇಳಿದ ಮಾತನ್ನು ನಿಮಗೆ ಇಷ್ಟು ವರ್ಷ — 

ಅವನಿಗೆ ಆ ಸದ್ದು ಬಿಡಲು ಮನಸ್ಸಿಲ್ಲ. "ಸೌಂಡ್ ಸೇಮ್ ಸೇಮ್, ಬ್ರೇಕ್ ಗುಡ್. ಯಲ್ಲಾ!" ಎಂದು ಅವಸರಪಡಿಸಿದ. ಎಳೆತಕ್ಕೆಂದು ಒಂದು ಪುಟ್ಟ ಪಂಪು ಕೂರಿಸಿದೆ. ಅರ್ಧ ದಿನದ ಕೆಲಸ. ಪೆಡಲು ಬೆಣ್ಣೆಯಾಯಿತು. ನಿಮಗೆ ಮಾಡಿಕೊಡಬೇಕಿದ್ದದ್ದು ಅಷ್ಟೇ, ಒಂದು ಅರ್ಧ ದಿನ. ಅದಕ್ಕೆ ಮೊದಲು, ದೊಡ್ಡದು ಹಾಕಿದ್ದು ನಾನೇ ಎಂದು ಒಪ್ಪಿಕೊಳ್ಳಬೇಕಿತ್ತು.

ಈ ಶನಿವಾರ ಖಾಲಿದಿಯಾಕ್ಕೆ ಬರುತ್ತೇನೆ. ಆ ತರುಣನಿಂದ ಕಾರನ್ನು ಒಂದು ಗಳಿಗೆಯ ಮಟ್ಟಿಗೆ ಕೇಳಿಕೊಂಡಿದ್ದೇನೆ. ಮೊದಲು ನಿಮ್ಮ ಮನೆಯವರ ಮುಂದೆ, ಮಗನ ಮುಂದೆ ಇದನ್ನೆಲ್ಲ ಬಾಯಿಬಿಟ್ಟು ಹೇಳುತ್ತೇನೆ. ಊದ್ ಮೇಥಾದಲ್ಲಿ ನನ್ನನ್ನು ಹೊಗಳಿದಾಗ ಕೇಳಿದವರಿಗೂ ಹೇಳುತ್ತೇನೆ. ಆ ಹೊಗಳಿಕೆಯನ್ನು ಇಟ್ಟುಕೊಳ್ಳುವುದಿಲ್ಲ. ಆಮೇಲೆ ನೀವು ಬಯ್ಯಿರಿ, ಹೊಡೆಯಿರಿ, ಮೆಟ್ಟಿಲಿನಿಂದ ಇಳಿಸಿ ಕಳಿಸಿ. ಮನಸ್ಸು ಬಂದರೆ ಮಾತ್ರ ಕೆಳಗೆ ಬನ್ನಿ. ಓಡಿಸುವುದು ಬೇಡ, ನಿಂತ ಕಾರಿನಲ್ಲಿ ಕುಳಿತು ಎಂಜಿನ್ನು ಹಚ್ಚಿ, ಪೆಡಲನ್ನು ಒಮ್ಮೆ ಒತ್ತಿ ನೋಡಿ.

ನೀವೀಗ ಕೋಲು ಹಿಡಿದು ನಡೆಯುತ್ತೀರಿ ಎಂದು ಮಗ ಹೇಳಿದ. ಆ ಕೋಲು ಪ್ರಾಯ ಕೊಟ್ಟದ್ದೋ, ನನ್ನ ಮಾತು ಕೊಟ್ಟದ್ದೋ — ನಿಮಗೂ ತಿಳಿಯದಂತೆ ಮಾಡಿಟ್ಟವನು ನಾನು.