ಕಿಟಕಿ ತೆರೆದ ಬಾಣಂತಿ ಕೋಣೆ

ನನ್ನ ನಾದಿನಿ ಆದಿಲಕ್ಷ್ಮಿಗೆ ಎಳೆಯ ವಯಸ್ಸಿನಲ್ಲೇ ಜ್ವರ ಬಂದು ಎರಡು ಕಾಲೂ ಸೋತಿದ್ದವು. ನಾನು ಟೇಕಲ್‌ಗೆ ಸೊಸೆಯಾಗಿ ಬಂದಾಗ ನಮ್ಮ ಯಜಮಾನರು ತಂಗಿಯನ್ನು ಬೆನ್ನ ಮೇಲೆ ಹೊತ್ತುಕೊಂಡೇ ಸ್ಕೂಲಿಗೆ ಬಿಟ್ಟು ಬರುತ್ತಿದ್ದರು. ಅವಳು ಓದಿದ್ದು ಏಳನೆಯ ಕ್ಲಾಸು. ಆದರೆ ಲೆಕ್ಕದಲ್ಲಿ ಅವಳನ್ನು ಮೀರಿಸುವವರು ನಮ್ಮ ಬೀದಿಯಲ್ಲಿ ಇರಲಿಲ್ಲ.

ಊರಿಗೆ ಹಾಲಿನ ಡೈರಿ ಬಂದಾಗ ಹಾಲು ಪರೀಕ್ಷೆ ಮಾಡುವ ಕೆಲಸ ನನಗೆ ಕೊಡಿ ಎಂದು ಅಣ್ಣನ ಬೆನ್ನೇರಿ ಹೋಗಿ ತಾನೇ ಕೇಳಿದಳು. ಡೈರಿ ಅಧ್ಯಕ್ಷರು ಚನ್ನರಾಯಪ್ಪನವರು. ಕೆಟ್ಟವರಲ್ಲ, ಬಿಗಿ ಮನುಷ್ಯ.

"ಹಾಲು ಯಾರಿಗೂ ಕಾಯಲ್ಲ ಕಣಮ್ಮ," ಎಂದರು. "ಹೊತ್ಕೊಂಡ್ ಬರೋಕೆ ಅಣ್ಣ ಇರ್ಲಿಲ್ಲ ಅಂದ್ರೆ ನಾನು ಕೇಳಲ್ಲ. ಒಂದು ಹೊತ್ತು ತಪ್ಪಿದ್ರೂ ಬೇರೆಯವ್ರನ್ನ ಕೂರಿಸ್ತೀನಿ."

ಆಗಲಿ ಎಂದು ಒಪ್ಪಿಕೊಂಡು ಬಂದಳು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಅಣ್ಣನ ಬೆನ್ನೇ ಗತಿ. ಹೊಲದ ಕೆಲಸ ಬಿಟ್ಟು ಓಡಿ ಬರುವ ಅಣ್ಣನನ್ನು ನೋಡಿದಾಗಲೆಲ್ಲ ಅವಳ ಮುಖ ಚಿಕ್ಕದಾಗುತ್ತಿತ್ತು.

ಎಂಬತ್ತೆರಡೋ ಎಂಬತ್ತಮೂರೋ ಇಸವಿ ಇರಬೇಕು. ಕೋಲಾರದ ಕಡೆ ಯಾರೋ ವಿದೇಶದ ಹೆಂಗಸು ತಮ್ಮ ಕರೆಂಟಿನ ಗಾಲಿಕುರ್ಚಿಯನ್ನು ಬಿಟ್ಟು ಊರಿಗೆ ಹೋಗಿದ್ದಾರೆಂಬ ಸುದ್ದಿ ನಮ್ಮ ಯಜಮಾನರ ಕಿವಿಗೆ ಬಿತ್ತು. ಬ್ಯಾಟರಿ ಸತ್ತು ಮೂಲೆಗೆ ಬಿದ್ದಿದ್ದ ಆ ಕುರ್ಚಿಯನ್ನು ಕೇಳಿ ಪಡೆದು ಟೆಂಪೋದಲ್ಲಿ ಹಾಕಿಸಿಕೊಂಡು ಮಾಲೂರಿಗೆ ಒಯ್ದರು. ಅಲ್ಲಿ ಲಾರಿ ಬ್ಯಾಟರಿಗಳ ಕೆಲಸ ಮಾಡುತ್ತಿದ್ದ ಲಿಯಾಖತ್ ಸೀಟಿನ ಕೆಳಗೆ ಬೇರೆ ಎರಡು ಬ್ಯಾಟರಿ ಕೂರಿಸಿ, ಚಾರ್ಜು ಮಾಡಲು ಪೆಟ್ಟಿಗೆಯೊಂದನ್ನು ತಾನೇ ಕಟ್ಟಿಕೊಟ್ಟ.

ಕುರ್ಚಿ ಕೊಡಲು ಬಂದವನು ಆದಿಲಕ್ಷ್ಮಿಯ ಎದುರು ಕುಳಿತು ಎಲ್ಲವನ್ನೂ ಹೇಳಿಕೊಟ್ಟ. ಬ್ಯಾಟರಿ ಚಾರ್ಜಾಗುವಾಗ ಒಳಗೆ ಗುಳುಗುಳು ಎಂದು ಗ್ಯಾಸು ಏಳುತ್ತದೆ, ಅದು ಕಣ್ಣಿಗೆ ಕಾಣುವುದಿಲ್ಲ, ಕಿಡಿ ತಾಗಿದರೆ ಸಿಡಿಯುತ್ತದೆ. ಮೊದಲು ಸ್ವಿಚ್ಚು ಆರಿಸಬೇಕು, ಆಮೇಲೆ ವೈರಿನ ಕ್ಲಿಪ್ಪು ಕೀಳಬೇಕು. ಲೋಹದ ಬಳೆ ಹಾಕಿಕೊಂಡು ಕೈ ಇಡಕೂಡದು. ಇಷ್ಟು ಹೇಳಿ ತನ್ನ ಎಡಗಣ್ಣಿನ ಮೇಲೆ ಬೆರಳಿಟ್ಟು ತೋರಿಸಿದ. ಅಲ್ಲಿ ಹುಬ್ಬೇ ಇರಲಿಲ್ಲ.

"ಅಂಗಡೀಲಿ ಯಾರೋ ಬೀಡಿ ಹಚ್ಚಿದ್ರು ಅಕ್ಕ. ಕಣ್ಣು ಉಳಿದಿದ್ದು ಅಲ್ಲಾನ ದಯೆ," ಎಂದ.

ಕೊನೆಗೆ ಗಾಜಿನ ಕೊಳವೆಯೊಂದನ್ನು ಕೊಟ್ಟ. ಬ್ಯಾಟರಿಯ ಆಸಿಡ್ಡನ್ನು ಅದರೊಳಗೆ ಎಳೆದುಕೊಂಡರೆ ಒಳಗಿನ ಬುರುಡೆ ತೇಲುತ್ತದೆ. ಚಾರ್ಜು ತುಂಬಿದ್ದರೆ ಮೇಲೆ ನಿಲ್ಲುತ್ತದೆ, ಇಳಿದಿದ್ದರೆ ಮುಳುಗುತ್ತದೆ. ಅವನು ವಿವರಿಸಿ ಮುಗಿಸುವ ಮೊದಲೇ ಆದಿಲಕ್ಷ್ಮಿ ನಕ್ಕಳು. ಡೈರಿಯಲ್ಲಿ ಹಾಲಿಗೆ ಬಿಡುವ ಲ್ಯಾಕ್ಟೋಮೀಟರಿನ ದಾಯಾದಿ ಅದು. ನೀರು ಬೆರೆಸಿದ ಹಾಲಿನಲ್ಲಿ ಅದೂ ಹೀಗೆಯೇ ಮುಳುಗುತ್ತದಲ್ಲ.

ಬ್ಯಾಟರಿಗೆ ಬಾವಿ ನೀರು ಆಗದು. ಪೆಟ್ರೋಲ್ ಬಂಕಿನಿಂದ ಬ್ಯಾಟರಿ ನೀರು ತರಿಸಿ, ಒಳಗಿನ ಪ್ಲೇಟು ಮುಳುಗುವಷ್ಟು ಹಾಕುತ್ತಿದ್ದಳು. ಅದನ್ನು ನೋಡಿದ ಪಕ್ಕದ ಮನೆಯ ದೊಡ್ಡಗಂಗಮ್ಮ, "ನಾವು ಹಾಲಿಗೆ ಹಾಕಿದ್ರೆ ಬೈತೀಯ, ನೀನು ನಿನ್ನ ಬ್ಯಾಟ್ರಿಗೆ ಹಾಕ್ಕೋತೀಯಲ್ಲೇ," ಎಂದು ಛೇಡಿಸಿದಳು. "ನಾನು ಹಾಕಿದ್ದನ್ನ ಯಾರಿಗೂ ಮಾರಲ್ಲ ಕಣಕ್ಕ," ಎಂದಳು ಇವಳು.

ಮನೆಯಲ್ಲಿ ಪ್ಲಗ್ಗು ಇದ್ದದ್ದು ಅಡುಗೆ ಒಲೆಯ ಪಕ್ಕ. ಅಲ್ಲಿ ಬೇಡವೇ ಬೇಡ ಎಂದು ಹಟ ಹಿಡಿದು ಹಿತ್ತಲ ಕೋಣೆಗೆ ವೈರು ಎಳೆಸಿಕೊಂಡಳು. ನನ್ನ ಬಾಣಂತನಗಳೆಲ್ಲ ಆದದ್ದು ಅದೇ ಕೋಣೆಯಲ್ಲಿ. ನನಗೆ ಕಿಟಕಿ ಮುಚ್ಚಿ ಕೆಂಡದ ಅಗ್ಗಿಷ್ಟಿಕೆ ಇಟ್ಟಿದ್ದರು. ಅವಳು ಬ್ಯಾಟರಿಗೆ ಕಿಟಕಿ ತೆರೆದು ಬೆಂಕಿಯನ್ನು ಹೊರಗೆ ಇಟ್ಟಳು.

ಹೀಗೆ ಯಾರ ಬೆನ್ನೂ ಇಲ್ಲದೆ ಡೈರಿಗೆ ಹೋಗಿ ಬರುತ್ತಿದ್ದಾಗ ಆಯುಧಪೂಜೆ ಬಂತು.

ಅವತ್ತು ಬೆಳಗಿನಿಂದ ಕರೆಂಟಿಲ್ಲ. ಬೆಳಗಿನ ಹಾಲಿಗೆ ಹೋಗಿ ಬರುವಷ್ಟರಲ್ಲಿ ಬುರುಡೆ ತಳಕ್ಕೆ ಮುಳುಗಿತ್ತು. ಆ ಚಾರ್ಜಿನಲ್ಲಿ ಡೈರಿಯ ದಾರಿಯ ಏರನ್ನು ಮತ್ತೆ ಹತ್ತುವಂತಿರಲಿಲ್ಲ. ನಮ್ಮ ಯಜಮಾನರು ಚೆಂಡುಹೂ ಮಾರಲು ಮಾಲೂರಿಗೆ ಹೋಗಿದ್ದರು. ಮಧ್ಯಾಹ್ನ ಕರೆಂಟು ಬಂದ ಕೂಡಲೇ ಚಾರ್ಜಿಗೆ ಹಾಕಿ ಅವಳು ಕೋಣೆಯ ಹೊಸ್ತಿಲ ಮೇಲೆ ಕುಳಿತಳು. ಸಂಜೆಯ ಹಾಲಿನ ಹೊತ್ತಿಗೆ ಅದು ತುಂಬಬೇಕು, ಇಲ್ಲವಾದರೆ ಕೆಲಸ ಹೋಯಿತು.

ನಮ್ಮ ಅತ್ತೆ ವೆಂಕಟರತ್ನಮ್ಮ ಗೌನಿಪಲ್ಲಿ ಕಡೆಯವರು, ಸಿಟ್ಟು ಬಂದರೆ ತೆಲುಗು ಬರುತ್ತಿತ್ತು. ನೇಗಿಲು, ಕುಡುಗೋಲು, ಪಂಪುಸೆಟ್ಟು ಎಲ್ಲಕ್ಕೂ ಪೂಜೆ ಮಾಡಿ, ತಟ್ಟೆಯಲ್ಲಿ ಕರ್ಪೂರ ಉರಿಸಿಕೊಂಡು ಕೋಣೆಯ ಕಡೆ ಬಂದರು. ಆದಿಲಕ್ಷ್ಮಿ ಮನೆಯೊಳಗೆ ನಾಲ್ಕು ಹೆಜ್ಜೆ ತೆವಳಲು ಇಟ್ಟುಕೊಂಡಿದ್ದ ಊರುಗೋಲನ್ನು ಬಾಗಿಲಿಗೆ ಅಡ್ಡ ಹಿಡಿದಳು.

"ಅಮ್ಮ, ಅಲ್ಲೇ ನಿಂತ್ಕೊ. ಒಳಗೆ ಗ್ಯಾಸಿದೆ."

"ಏಮೇ, ಬೀಡಿ ಬೆಂಕಿ ಬೇರೆ, ದೇವರ ಬೆಂಕಿ ಬೇರೆ. ಕರ್ಪೂರ ಯಾರನ್ನ ಸುಟ್ಟಿದೆ?"

"ನಮಗೆ ಬೇರೆ. ಬ್ಯಾಟ್ರಿಗೆ ಅದು ಗೊತ್ತಾಗಲ್ಲಮ್ಮ."

ಅಂಗಳದಲ್ಲಿ ಹಾಲಿನ ಪಾತ್ರೆ ತೊಳೆಯುತ್ತಿದ್ದ ನಾನು ಎದ್ದು ನಿಂತೆ. ಅತ್ತೆಯ ಕಣ್ಣು ತುಂಬಿತ್ತು. ಮಗಳನ್ನು ಹೊತ್ತು ತಿರುಗುವ ಗಾಡಿಗೆ ಹಬ್ಬದ ದಿನ ಆರತಿ ಇಲ್ಲವೆಂದರೆ ಹೇಗೆ, ನಾಳೆ ಅದು ಹಳ್ಳಕ್ಕೆ ಬಿದ್ದರೆ ಯಾರು ಹೊಣೆ ಎಂದರು. ತಟ್ಟೆ ಹಿಂದಕ್ಕೂ ಹೋಗಲಿಲ್ಲ, ಊರುಗೋಲು ಕೆಳಗೂ ಇಳಿಯಲಿಲ್ಲ.

ಆಗ ಆದಿಲಕ್ಷ್ಮಿ ಮೆಲ್ಲಗೆ ಕೇಳಿದಳು, "ಅತ್ತಿಗೆ ಇದೇ ಕೋಣೆಯಿಂದ ಮಗು ಎತ್ಕೊಂಡು ಹೊರಗೆ ಬಂದಾಗ ಏನ್ ಆರತಿ ಎತ್ತಿದ್ದೆ? ಕರ್ಪೂರದ್ದಾ?"

ಅವತ್ತು ಅತ್ತೆ ಎತ್ತಿದ್ದು ಅರಿಶಿನಕ್ಕೆ ಸುಣ್ಣ ಕಲಸಿದ ಕೆಂಪು ನೀರಿನ ಆರತಿ. ಅದರಲ್ಲಿ ಬತ್ತಿಯೂ ಇರಲಿಲ್ಲ.

"ಇದಕ್ಕೂ ಅದನ್ನೇ ಎತ್ತು. ಅಂಗಳಕ್ಕೆ ಬಂದ ಮೇಲೆ."

ಅತ್ತೆ ಅಲ್ಲಿಂದ ನೇರವಾಗಿ ತುಳಸಿಕಟ್ಟೆಗೆ ಹೋಗಿ ಕರ್ಪೂರ ಅಲ್ಲಿಟ್ಟರು. ಆಮೇಲೆ ಒಳಗೆ ಸುಣ್ಣದ ಡಬ್ಬಿ ಹುಡುಕುವ ಸದ್ದು ಕೇಳಿಸಿತು.

ಸಂಜೆಯಾಗುತ್ತಿದ್ದಂತೆ ಆದಿಲಕ್ಷ್ಮಿ ಸ್ವಿಚ್ಚು ಆರಿಸಿದಳು, ಕ್ಲಿಪ್ಪು ತೆಗೆದಳು, ಗ್ಯಾಸು ಹೋಗಲೆಂದು ಸ್ವಲ್ಪ ಹೊತ್ತು ಹಾಗೆಯೇ ಬಿಟ್ಟಳು. ಬುರುಡೆ ಮೇಲಕ್ಕೆ ತೇಲಿತು. ಕುರ್ಚಿ ಅಂಗಳಕ್ಕೆ ಬಂದಾಗ ಅತ್ತೆ ಕೆಂಪು ನೀರು ನಿವಾಳಿಸಿ, ಗಾಲಿಗೆ ಒಂದು ಬೊಟ್ಟಿಟ್ಟು, ಮಗಳ ಹಣೆಗೂ ಇಟ್ಟರು. ಉಳಿದದ್ದನ್ನು ಬೀದಿಗೆ ಚೆಲ್ಲಿದರು.

ನಾನು ಹಿಂದೆಯೇ ನಡೆದೆ. ಏರಿನಲ್ಲಿ ಕೈ ಕೊಡಲು ಹೋದರೆ ಬೇಡ ಎಂದಳು. ಡೈರಿಯಲ್ಲಿ ಚನ್ನರಾಯಪ್ಪನವರು ಆಗಲೇ ತಮ್ಮ ಅಳಿಯ ಪೆದ್ದಪ್ಪನನ್ನು ಅವಳ ಜಾಗದಲ್ಲಿ ಕೂರಿಸಿಕೊಂಡಿದ್ದರು. ಕುರ್ಚಿಯ ಸದ್ದಿಗೆ ತಲೆಯೆತ್ತಿ ನೋಡಿದರು.

"ಹಬ್ಬದ ದಿನ, ಕರೆಂಟೂ ಇರ್ಲಿಲ್ಲ. ಬರಲ್ಲ ಅಂದ್ಕೊಂಡಿದ್ದೆ."

"ಹಸುಗಳು ಹಬ್ಬ ಅಂತ ಹಾಲು ನಿಲ್ಸಿಲ್ವಲ್ಲಣ್ಣ."

ಸಾಲಿನಲ್ಲಿದ್ದವರು ನಕ್ಕರು. ಪೆದ್ದಪ್ಪ ಎದ್ದು ಲ್ಯಾಕ್ಟೋಮೀಟರನ್ನು ಅವಳ ಕೈಗೆ ಕೊಟ್ಟ. ಹಾಲೆಲ್ಲ ಅಳೆದು ಮುಗಿದ ಮೇಲೆ ಚನ್ನರಾಯಪ್ಪನವರು ಸೊಂಟದಿಂದ ಡೈರಿಯ ಬೀಗದಕೈ ಬಿಚ್ಚಿ ಅವಳ ಮಡಿಲಲ್ಲಿಟ್ಟು, ನಾಳೆಯಿಂದ ನೀನೇ ಬಾಗಿಲು ತೆಗಿ ಎಂದರು. ಅದುವರೆಗೆ ಆ ಬೀಗದಕೈ ಅವರ ಸೊಂಟ ಬಿಟ್ಟು ಇಳಿದದ್ದನ್ನು ನಾವು ಕಂಡಿರಲಿಲ್ಲ.

ಆಮೇಲೆ ಎಷ್ಟೋ ಸಲ ಬ್ಯಾಟರಿ ಬದಲಾಯಿತು. ಆಸಿಡ್ಡು ಸಿಡಿದು ಅವಳ ಸೀರೆಗಳು ಜರಡಿಯಾದವು. ಆ ಬೀಗದಕೈ ಮಾತ್ರ ಇನ್ನೊಬ್ಬರ ಕೈಗೆ ಹೋಗಲಿಲ್ಲ. ಹಬ್ಬಕ್ಕೆ ಅತ್ತೆ ಕೆಂಪು ನೀರನ್ನೇ ಕಲಸುತ್ತಿದ್ದರು.

ಒಂದು ದಿನ ಹುತ್ತೂರು ಕಡೆಯ ನೆಂಟರೊಬ್ಬರು ಬಾಯಲ್ಲಿ ಬೀಡಿ ಇಟ್ಟುಕೊಂಡು ಕರೆಂಟಿನ ಕುರ್ಚಿ ನೋಡಬೇಕೆಂದು ಹಿತ್ತಲಿಗೆ ನುಗ್ಗಿದರು. ಕುರ್ಚಿ ಕೋಣೆಯಲ್ಲಿ ಚಾರ್ಜಿಗೆ ನಿಂತಿತ್ತು. ರಾಗಿ ಕೇರುತ್ತಿದ್ದ ಅತ್ತೆ ಮೊರವನ್ನೇ ಅಡ್ಡ ಹಿಡಿದರು.

"ಬೀಡಿ ಬಿಸಾಕಿ ಬಾರಯ್ಯ," ಎಂದರು. "ಒಳಗೆ ನಮ್ಮ ಬಾಣಂತಿ ಇದಾಳೆ."